ಎದ್ದು ಅಲ್ಲ, ಎದ್ದೆ: ಸ್ಪ್ಯಾನಿಷ್‌ನಲ್ಲಿ ನಿನ್ನೆಯ ಮಾತು

ನಿನ್ನೆ ಬೆಳಿಗ್ಗೆ ಏನು ಮಾಡಿದಿರಿ ಅಂತ ಕೇಳಿದರೆ ನಾವು ಹೇಗೆ ಹೇಳುತ್ತೇವೆ? 'ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಹೊರಟೆ.' ಕೆಲಸ ನಾಲ್ಕು. ಆದರೆ ಮಾಡಿದ್ದು ಯಾರು, ಯಾವಾಗ ಅನ್ನುವುದು ತಿಳಿಯುವುದು ಕೊನೆಯ 'ಹೊರಟೆ' ಬಂದಾಗಲೇ.

ಸ್ಪ್ಯಾನಿಷ್ ಕಲಿಸುವಾಗ ಕನ್ನಡಿಗರು ಎಡವುವುದನ್ನು ನಾನು ಜಾಸ್ತಿ ಕಂಡಿದ್ದು ಇಲ್ಲೇ. 'ಲೆಬಂತಾಂದೊ, ದುಚಾಂದೊ, ದೆಸಯುನಾಂದೊ, ಸಲೀ' ಅನ್ನುತ್ತಾರೆ. ಆ 'ಆಂದೊ' ರೂಪ ನಮ್ಮ 'ಎದ್ದು' ಅಲ್ಲ, 'ಏಳುತ್ತಾ'. ಕೇಳಿದವರಿಗೆ ಏಳುತ್ತಾ, ಸ್ನಾನ ಮಾಡುತ್ತಾ, ತಿನ್ನುತ್ತಾ ಮನೆ ಬಿಟ್ಟ ಹಾಗೆ ಕೇಳಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಮುಗಿದ ಪ್ರತಿ ಕೆಲಸವನ್ನೂ ಅಲ್ಲಲ್ಲೇ ಮುಗಿಸಬೇಕು: 'ಮೆ ಲೆಬಂತೇ, ಮೆ ದುಚೇ, ದೆಸಯುನೇ ಇ ಸಲೀ.' ಎದ್ದೆ, ಸ್ನಾನ ಮಾಡಿದೆ, ತಿಂಡಿ ತಿಂದೆ, ಹೊರಟೆ. ಹಾಗಾಗಿ ಮೊದಲು ಕನ್ನಡದಲ್ಲೇ ಹೀಗೆ ಬಿಡಿಬಿಡಿಯಾಗಿ ಹೇಳಿಸುತ್ತೇನೆ. ಆಮೇಲೆ ಸ್ಪ್ಯಾನಿಷ್ ಸಲೀಸಾಗಿ ಬರುತ್ತದೆ. 'ನಾನು' ಅನ್ನುವ ಪದವೂ ಬೇಡ. ನಮ್ಮ ಹಾಗೇ ಅವರಿಗೂ ಕ್ರಿಯಾಪದದ ಕೊನೆಯೇ ಸಾಕು.

ಆ 'ಮೆ' ಬಗ್ಗೆ ಹೆದರಬೇಡಿ. 'ತಲೆ ಬಾಚಿಕೊಂಡೆ' ಅನ್ನುವಾಗಿನ 'ಕೊಂಡೆ' ನೆನಪಿಸಿಕೊಳ್ಳಿ. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ದಾರಿ ತೋರಿಸುತ್ತದೆ.

ಕಿವಿಗೆ ನಿಜವಾದ ಕೆಲಸ ಇರುವುದು ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಅನ್ನುವುದರಲ್ಲಿ (ಒತ್ತಕ್ಷರ ಅಲ್ಲ). 'ಆಬ್ಲೊ' ಅಂದರೆ ಮಾತಾಡುತ್ತೇನೆ. 'ಅಬ್ಲೋ' ಅಂದರೆ ಅವನೋ ಅವಳೋ ಮಾತಾಡಿದ್ದು. ಅಕ್ಷರಗಳು ಅವೇ, ಬರಹದಲ್ಲಿ ಕೊನೆಯ ಸ್ವರದ ಮೇಲೆ ಒಂದು ಗೀಟು ಮಾತ್ರ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಅದಕ್ಕೇ ನಾವು ಇದನ್ನು ಗಮನಿಸುವುದೇ ಇಲ್ಲ. ಆದರೆ ಹ್ರಸ್ವ, ದೀರ್ಘ ನಮಗೆ ಚೆನ್ನಾಗಿ ಗೊತ್ತು, ಅಲ್ವಾ? ಒತ್ತಿರುವ ಕಡೆ ದೀರ್ಘ ಹಾಕಿ ಬರೆದುಕೊಳ್ಳಿ. ಪೂರ್ತಿ ನಿಖರವಲ್ಲ, ಆದರೂ ತುಂಬಾ ತಪ್ಪು ತಪ್ಪುತ್ತದೆ.

ದಿನಾ ಬೇಕಾಗುವ ಕೆಲವು ಪದಗಳಲ್ಲಿ ಒತ್ತು ಹಿಂದಕ್ಕೆ ಸರಿಯುತ್ತದೆ, ಗೀಟೂ ಇರುವುದಿಲ್ಲ: 'ಈಸೆ' (ಮಾಡಿದೆ), 'ದೀಹೆ' (ಹೇಳಿದೆ). ಇವನ್ನು ಬಾಯಿಪಾಠ ಮಾಡಲೇಬೇಕು. 'ಫುಯಿ' ಅಂದರೆ ಹೋದೆ ಅಂತಲೂ ಹೌದು, ಆಗಿದ್ದೆ ಅಂತಲೂ ಹೌದು. ಯಾವುದು ಅಂತ ವಾಕ್ಯವೇ ಹೇಳುತ್ತದೆ.

ನನಗೆ ತುಂಬಾ ಇಷ್ಟವಾದ ಜಾಗ ಇನ್ನೊಂದಿದೆ. ರೂಢಿಯಾಗಿದ್ದ ಕೆಲಸಕ್ಕೆ ಸ್ಪ್ಯಾನಿಷ್‌ನಲ್ಲಿ ಬೇರೆ ರೂಪ: 'ಮೆ ಲೆಬಂತಾಬ', ಅಂದರೆ ಏಳುತ್ತಿದ್ದೆ. 'ಸಬೀಅ' ಮತ್ತು 'ಸೂಪೆ' ಎರಡೂ ತಿಳಿಯುವುದಕ್ಕೆ ಸಂಬಂಧಿಸಿದ ಭೂತಕಾಲವೇ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಎರಡೇ ಪದ ಸಾಕು: 'ಸಬೀಅ' ಅಂದರೆ ಗೊತ್ತಿತ್ತು, 'ಸೂಪೆ' ಅಂದರೆ ಗೊತ್ತಾಯಿತು. ಹಾಗಾಗಿ ದಯವಿಟ್ಟು ಇಂಗ್ಲಿಷ್ ಮೂಲಕ ಸುತ್ತಿಕೊಂಡು ಹೋಗಬೇಡಿ. ಕನ್ನಡದಿಂದ ನೇರ ದಾರಿಯಿದೆ.

ಇವತ್ತು ಬೆಳಿಗ್ಗೆಯ ತಿಂಡಿಗೆ ಮಾತ್ರ ದೇಶ ನೋಡಬೇಕು. ಸ್ಪೇನಿನ ಹೆಚ್ಚಿನ ಕಡೆ 'ಓಯ್ ಎ ದೆಸಯುನಾದೊ' ಅನ್ನುತ್ತಾರೆ, ನಮ್ಮ 'ತಿಂದಿದ್ದೇನೆ' ಇದ್ದ ಹಾಗೆ. ಮೆಕ್ಸಿಕೋದಲ್ಲಿ ಅದಕ್ಕೂ 'ದೆಸಯುನೇ' ಸಾಕು. ಎರಡೂ ಕಡೆಯವರಿಗೆ ಎರಡೂ ಅರ್ಥವಾಗುತ್ತದೆ. ನೀವು ಯಾರೊಡನೆ ಜಾಸ್ತಿ ಮಾತಾಡುತ್ತೀರೋ ಅವರ ರೂಪವನ್ನೇ ಮೊದಲು ಕಲಿಯಿರಿ.