ಕಂಪನಿ ಫಿಟಿಂಗ್: ಹಳೇ ಟ್ರ್ಯಾಕ್ಟರ್‌ನಲ್ಲಿ ಗುರುತಿಸುವುದು ಹೇಗೆ?

ಕಲಬುರಗಿ ಕಡೆ ಹಳೇ ಟ್ರ್ಯಾಕ್ಟರ್ ನೋಡಲು ಹೋದರೆ ಮಾರುವವರು ಮೊದಲು ಹೇಳುವ ಮಾತು, "ಎಲ್ಲಾ ಕಂಪನಿ ಫಿಟಿಂಗ್ ಅದರೀ". ಗಾಡಿ ಕಾರ್ಖಾನೆಯಿಂದ ಹೊರಬೀಳುವಾಗಲೇ ಅದರಲ್ಲಿ ಏನಿತ್ತೋ ಅದಷ್ಟೇ ಕಂಪನಿ ಫಿಟಿಂಗ್. ಅಸಲಿ ಪಾರ್ಟ್ ತಂದು ಮಿಸ್ತ್ರಿ ಆಮೇಲೆ ಕೂರಿಸಿದ್ದರೆ ಅದು ಕಂಪನಿ ಪಾರ್ಟ್. ಡೀಲರ್ ಹಾಕಿಕೊಟ್ಟದ್ದೂ ಬೇರೆಯೇ. ಈ ಮೂರನ್ನೂ ಒಂದೇ ಅಂದುಕೊಂಡರೆ ಹಳೇ ಗಾಡಿಯ ಚರಿತ್ರೆ ಕೆಡುತ್ತದೆ.

ತೊಡಕು ಏನಂದರೆ, ಕಂಪನಿಯೇ ಒಂದೇ ಮಾದರಿಯನ್ನು ನಡುವೆ ಬದಲಿಸಿರುತ್ತದೆ. ಮ್ಯಾಸಿ ಫರ್ಗ್ಯೂಸನ್ 35 ನೋಡಿ. ಇಂಗ್ಲೆಂಡಿನಲ್ಲಿ ಅದರ ಮೊದಲ ಡೀಸೆಲ್ ಗಾಡಿಗಳಿಗೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಚಳಿಯಲ್ಲಿ ಸ್ಟಾರ್ಟ್ ಆಗಲು ಬಹಳ ಸತಾಯಿಸುತ್ತಿತ್ತು. 1959ರಲ್ಲಿ ಪರ್ಕಿನ್ಸ್‌ನ ಮೂರು ಸಿಲಿಂಡರ್ ಎಂಜಿನ್ ಬಂತು. ನಮ್ಮ ಕಡೆ, ಭಾರತದಲ್ಲಿ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಮಾಡುವ ಟಾಫೆ ಕಂಪನಿಯ 1035 ನೋಡಿ ಬೆಳೆದವರಿಗೆ ಮೂರು ಸಿಲಿಂಡರ್ ಮಾತ್ರ ಗೊತ್ತು. ಹಾಗಾಗಿ ನಾಲ್ಕು ಸಿಲಿಂಡರಿನ 35 ಕಂಡರೆ "ಎಂಜಿನ್ ಬದಲಿ ಆಗ್ಯದ" ಅಂದುಬಿಡುತ್ತಾರೆ. ಪಾಪ, ಆ ಗಾಡಿ ಹುಟ್ಟಿದ್ದೇ ಹಾಗೆ! ಇಸವಿ ನೋಡದೆ ತೀರ್ಪು ಕೊಡಬಾರದು.

ಫೋರ್ಡ್‌ಸನ್ ಮೇಜರ್ ಇ27ಎನ್‌ದು ಇನ್ನೂ ಸೂಕ್ಷ್ಮ. ಪರ್ಕಿನ್ಸ್‌ನ ಆರು ಸಿಲಿಂಡರ್ ಪಿ6 ಡೀಸೆಲ್ ಎಂಜಿನ್ 1948ರಿಂದ ಅದಕ್ಕೆ ಕಾರ್ಖಾನೆಯಲ್ಲೇ ಬರುತ್ತಿತ್ತು. ಹಳೇ ಗಾಡಿಗೆ ಹಾಕಿಸಿಕೊಳ್ಳಲು ಅದೇ ಎಂಜಿನ್ ಕಿಟ್ ಆಗಿಯೂ ಸಿಗುತ್ತಿತ್ತು. ಹಾಗಾಗಿ ಎಂಜಿನ್ ಕಾರ್ಖಾನೆಯದೋ ಆಮೇಲಿನದೋ ಅನ್ನುವುದನ್ನು ಮುಂದಿನ ಬ್ಯಾಡ್ಜ್ ನೋಡಿ ನಂಬುವ ಹಾಗಿಲ್ಲ, ಬ್ಯಾಡ್ಜ್ ಯಾರು ಬೇಕಾದರೂ ಹಚ್ಚಬಹುದು.

ಹಾಗಾದರೆ ಯಾವುದನ್ನು ನಂಬುವುದು? ಮೊದಲು ನಂಬರ್ ಪ್ಲೇಟು. ನಾನು ಹೇಳುತ್ತಿರುವುದು ಆರ್‌ಟಿಒ ನಂಬರ್ ಅಲ್ಲ, ಕಂಪನಿ ಬಡಿದ ತಗಡು. 1946ರಿಂದ 1956ರವರೆಗೆ ಬಂದ ಫರ್ಗ್ಯೂಸನ್ ಟಿಇ20ರಲ್ಲಿ ಅಕ್ಷರಗಳೇ ಎಂಜಿನ್ ಯಾವುದೆಂದು ಹೇಳುತ್ತವೆ. ಟಿಇಎ ಅಂದರೆ ಪೆಟ್ರೋಲ್, ಟಿಇಡಿ ಸೀಮೆಎಣ್ಣೆಯಂಥ ಇಂಧನದ್ದು, ಟಿಇಎಫ್ ಡೀಸೆಲ್. ತಗಡಿನಲ್ಲಿ ಟಿಇಎ ಇದ್ದು ಒಳಗೆ ಡೀಸೆಲ್ ಎಂಜಿನ್ ಇದ್ದರೆ ಒಂದೋ ಎಂಜಿನ್ ಬದಲಾಗಿದೆ, ಇಲ್ಲವೇ ತಗಡು.

ಆಮೇಲೆ ಬೀಡು, ಅಂದರೆ ಎರಕ ಹೊಯ್ದ ಕಬ್ಬಿಣದ ಭಾಗಗಳು. ಸುಳ್ಳು ಹೇಳುವುದು ಕಷ್ಟವಾಗುವುದು ಇಲ್ಲೇ, ಆದ್ದರಿಂದ ನನಗೆ ಇದರ ಮೇಲೆ ಭರವಸೆ ಜಾಸ್ತಿ. 1965ರಿಂದೀಚಿನ ಫೋರ್ಡ್ ಟ್ರ್ಯಾಕ್ಟರ್‌ಗಳ ಎರಕದಲ್ಲಿ ತಾರೀಖು ಉಬ್ಬಿ ನಿಂತಿರುತ್ತದೆ. ವೈರ್ ಬ್ರಷ್‌ನಿಂದ ಗ್ರೀಸ್ ತೆಗೆದರೆ 5ಸಿ14 ಅಂತ ಕಂಡಿತು ಅನ್ನಿ. 5 ಅಂದರೆ ಇಸವಿಯ ಕೊನೆ ಅಂಕಿ, ಸಿ ಅಂದರೆ ಮಾರ್ಚ್, 14 ದಿನ. ಹತ್ತು ವರ್ಷಕ್ಕೊಮ್ಮೆ ಅದೇ ಅಂಕಿ ತಿರುಗಿ ಬರುವುದರಿಂದ 1965ರದೋ 1975ರದೋ ಅನ್ನುವುದನ್ನು ಮಾದರಿ ನೋಡಿ ತೀರ್ಮಾನಿಸಬೇಕು. ಎಂಜಿನ್ನಿನ ಬ್ಲಾಕ್ ಎರಕವಾದ ಮೇಲೆ ತಾನೇ ಗಾಡಿ ಜೋಡಿಸುವುದು? ಬ್ಲಾಕಿನ ತಾರೀಖು ಗಾಡಿಯ ತಾರೀಖಿಗಿಂತ ಈಚಿನದಾಗಿದ್ದರೆ ಅದು ಆಮೇಲೆ ಬಂದ ಬ್ಲಾಕ್.

ಪಾರ್ಟ್ ಕೂರಿಸಲು ಮಾಡಿದ ಬೋಲ್ಟಿನ ತೂತುಗಳನ್ನೂ ನೋಡಿ. ಕಾರ್ಖಾನೆಯ ತೂತು ಗುಂಡಗೆ, ಅಂಚು ಚೊಕ್ಕಟ. ಆಮೇಲೆ ಗ್ಯಾಸ್ ಕಟಿಂಗ್ ಮಾಡಿದ್ದರೆ ಅಂಚು ಒರಟಾಗಿ, ಕರಗಿ ಗಟ್ಟಿಯಾದ ಹಾಗೆ ಇರುತ್ತದೆ.

ಇದೆಲ್ಲ ಪೇಂಟ್ ಹೊಡೆಯುವ ಮೊದಲೇ ಆಗಬೇಕು. ಗ್ರೈಂಡರ್ ಹಚ್ಚಿ, ಪುಟ್ಟಿ ಮೆತ್ತಿ ಮಿರಮಿರ ಮಾಡಿಸಿದರೆ ಎರಕದ ಅಕ್ಷರಗಳೂ ಹೋಗುತ್ತವೆ. ಜೇವರ್ಗಿಯಲ್ಲೋ ಸೇಡಂನಲ್ಲೋ ಹೊಲದ ಮೂಲೆಯಲ್ಲಿ ಹಳೇ ಗಾಡಿ ಸಿಕ್ಕರೆ ಮೊದಲು ತಗಡು, ಬ್ಲಾಕ್, ಗೇರ್ ಬಾಕ್ಸಿನ ಫೋಟೊ ತೆಗೆದಿಟ್ಟುಕೊಳ್ಳಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರಿನ ಜೊತೆ ತಾಳೆ ನೋಡಿ, ಆಮೇಲೆ ದರದ ಮಾತು.