ಗ್ರೈಂಡರ್‌ಗೆ ಮರ ಕೊಯ್ಯುವ ಬ್ಲೇಡ್ ಹಾಕಬಹುದೇ?

ಓದುಗರ ಪ್ರಶ್ನೆ: ಮನೆಯಲ್ಲಿ 4 ಇಂಚಿನ ಆಂಗಲ್ ಗ್ರೈಂಡರ್ (ಲೋಹ ಉಜ್ಜುವ ಕೈಯಂತ್ರ) ಇದೆ. ಅದಕ್ಕೆ ಕೂರುವ ಹಲ್ಲಿನ ಬ್ಲೇಡ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೇ ಹಾಕಿ ಮರ ಕೊಯ್ದರೆ ಆಗದೇ? ಎರಡೂ ತಿರುಗುವ ಚಕ್ರವೇ ಅಲ್ಲವೇ?

ದಯವಿಟ್ಟು ಹಾಕಬೇಡಿ. ಬ್ಲೇಡ್ ಕೂರುತ್ತದೆ, ತಿರುಗುತ್ತದೆ, ಮರವನ್ನೂ ಕೊಯ್ಯುತ್ತದೆ. ಅದಕ್ಕೇ ಜನ ನಂಬಿ ಕೆಡುತ್ತಾರೆ. ಗ್ರೈಂಡರ್ ಮತ್ತು ಸರ್ಕ್ಯುಲರ್ ಸಾ, ಅಂದರೆ ಮರ ಕೊಯ್ಯುವ ಮೋಟರ್ ಗರಗಸ, ಈ ಎರಡು ಯಂತ್ರ ಹುಟ್ಟಿದ ಬಗೆ ತಿಳಿದರೆ ಕಾರಣ ತಾನಾಗಿಯೇ ಗೊತ್ತಾಗುತ್ತದೆ.

ಮರ ಕೊಯ್ಯುವ ಯಂತ್ರದ ಕತೆ ಶುರುವಾಗುವುದು ಕಬ್ಬಿನ ಗದ್ದೆಯಲ್ಲಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಮಿಷೆಲ್, ಕೂಲಿಗಳು ದಿನವಿಡೀ ಮಚ್ಚು ಬೀಸಿ ಕಬ್ಬು ಕಡಿಯುವುದನ್ನು ನೋಡಿ ಮಚ್ಚಿಗೇ ಮೋಟರ್ ಕೂರಿಸಲು ಹೊರಟರು. ಆ ಯೋಚನೆಯೇ ಮುಂದೆ ಕೈಯಲ್ಲಿ ಹಿಡಿದು ಮರ ಕೊಯ್ಯುವ ದುಂಡು ಗರಗಸವಾಯಿತು. ಮನೆ ಕಟ್ಟುವವರಿಗೆ ಇದು ಬೇಕಾಗುತ್ತದೆ ಎಂದು ಕಂಡುಕೊಂಡ ಜೋಸೆಫ್ ಸಲ್ಲಿವನ್ ಜತೆಗೂಡಿದರು. 1924ರಲ್ಲಿ ಕಂಪನಿ ಶುರುವಾಯಿತು. ಅದೇ ಮುಂದೆ ಸ್ಕಿಲ್‌ಸಾ. 1937ರಲ್ಲಿ ಬಂದ ಆ ಕಂಪನಿಯ ಮಾಡೆಲ್ 77 ಅಮೆರಿಕದ ಬಡಗಿಗಳ ಕೈಗೆ ಒಗ್ಗಿಹೋಯಿತು. ಅದರೊಳಗಿನ ವರ್ಮ್ ಗೇರ್ ಮೋಟರಿನ ವೇಗ ಇಳಿಸಿ, ತಿರುಗುವ ಬಲ ಹೆಚ್ಚಿಸುತ್ತದೆ. ಹಲ್ಲು ಮರವನ್ನು ಕಚ್ಚಿ ಕೀಳಬೇಕು, ಅದಕ್ಕೆ ಬಲ ಬೇಕು.

ಗ್ರೈಂಡರ್ ಬಂದದ್ದು ಜರ್ಮನಿಯಿಂದ, ಲೋಹ ಉಜ್ಜುವ ಕೆಲಸಕ್ಕೆ. ಆಕರ್ಮನ್ ಮತ್ತು ಶ್ಮಿಟ್ ಕಂಪನಿ 1922ರಲ್ಲಿ ಮಾಡಿದ ಕೈಗ್ರೈಂಡರ್‌ನಲ್ಲಿ ಮೋಟರ್ ಒಂದು ಕಡೆ, ಉಜ್ಜುವ ತಲೆ ಇನ್ನೊಂದು ಕಡೆ. ನಡುವೆ ಬಾಗುವ ಶಾಫ್ಟ್. ಆ ಬಾಗುವಿಕೆಯಿಂದಲೇ ಫ್ಲೆಕ್ಸ್ ಎಂಬ ಹೆಸರು. 1954ರಲ್ಲಿ ಅವರೇ ಅತಿವೇಗದ ಆಂಗಲ್ ಗ್ರೈಂಡರ್ ತಂದರು. ನಾವು ಫೋಟೋಕಾಪಿಗೆ ಝೆರಾಕ್ಸ್ ಅನ್ನುವಂತೆ ಜರ್ಮನರು ಯಾವ ಕಂಪನಿಯ ಗ್ರೈಂಡರನ್ನೂ ಫ್ಲೆಕ್ಸ್ ಅನ್ನುತ್ತಾರೆ.

ನಮ್ಮ ವೆಲ್ಡಿಂಗ್ ಶಾಪ್‌ಗಳಲ್ಲಿ ಇದಕ್ಕೆ ಕಟಿಂಗ್ ಮಷಿನ್ ಎಂಬ ಹೆಸರೂ ಇರುವುದರಿಂದ ಗೊಂದಲ. ನಿಜಕ್ಕೂ ಅದು ಕೊಯ್ಯುವುದಿಲ್ಲ, ಸವೆಸುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಟಿಂಗ್ ವ್ಹೀಲನ್ನು ಬೆಳಕಿಗೆ ಹಿಡಿದು ನೋಡಿ: ಒಳಗೆ ಗಾಜಿನ ನೂಲಿನ ಬಲೆ, ಅದರ ಮೇಲೆ ಅಂಟಿನಲ್ಲಿ ಹುದುಗಿದ ಗಟ್ಟಿ ಹರಳಿನ ಪುಡಿ. ಮೊಂಡಾದ ಹರಳು ಉದುರಿ ಹೊಸದು ಮೇಲೆ ಬರುತ್ತದೆ. ಕಚ್ಚಲು ಹಲ್ಲೇ ಇಲ್ಲದ ಕಾರಣ ನಿಮಿಷಕ್ಕೆ 11,000 ಸುತ್ತು ತಿರುಗಿದರೂ ನಡೆಯುತ್ತದೆ. ಆಗ 4 ಇಂಚಿನ ಚಕ್ರದ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ.

ಆ ಜಾಗಕ್ಕೆ 30 ಹಲ್ಲಿನ ಬ್ಲೇಡ್ ಬಂತು ಅನ್ನಿ. ಸೆಕೆಂಡಿಗೆ 5,500 ಹಲ್ಲು. ಮರದಲ್ಲಿ ಗಂಟು ಸಿಕ್ಕರೆ, ಇಲ್ಲವೇ ಬ್ಲೇಡ್ ಸ್ವಲ್ಪ ವಾರೆಯಾದರೆ ಒಂದು ಹಲ್ಲು ಕಚ್ಚಿಕೊಳ್ಳುತ್ತದೆ, ಮಷಿನ್ ಕೈಯಿಂದ ಎಗರುತ್ತದೆ. ಸರ್ಕ್ಯುಲರ್ ಸಾಗೆ ಮರದ ಮೇಲೆ ಕೂರುವ ತಟ್ಟೆಯಿದೆ, ಬ್ಲೇಡ್ ಹೊರಬಂದ ಕೂಡಲೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಗಾರ್ಡ್ ಇದೆ. ಗ್ರೈಂಡರ್‌ಗೆ ಎರಡೂ ಇಲ್ಲ, ಇರುವ ಗಾರ್ಡನ್ನೂ ನಮ್ಮಲ್ಲಿ ಬಿಚ್ಚಿಟ್ಟಿರುತ್ತಾರೆ. ನನಗೆ ಪರಿಚಯದ ಬಡಗಿಯೊಬ್ಬರ ಎಡಗೈ ಹೆಬ್ಬೆರಳ ಬುಡದಲ್ಲಿ ಹೀಗೇ ಆದ ಗಾಯದ ಗುರುತಿದೆ. ಇಂದಿಗೂ ಆ ಬೆರಳು ಪೂರ್ತಿ ಮಡಚುವುದಿಲ್ಲ. ಗ್ರೈಂಡರ್ ಜೊತೆ ಬರುವ ಪುಸ್ತಿಕೆಯಲ್ಲೂ ಹಲ್ಲಿನ ಬ್ಲೇಡ್ ಹಾಕಬಾರದು ಎಂದು ಬರೆದಿರುತ್ತದೆ.

ಮರಕ್ಕೆ ಸರ್ಕ್ಯುಲರ್ ಸಾ ಬಾಡಿಗೆಗೆ ತನ್ನಿ, ಸಣ್ಣ ಕೆಲಸಕ್ಕೆ ಕೈಗರಗಸವೇ ಸಾಕು. ಗ್ರೈಂಡರ್‌ನಲ್ಲಿ ಕಬ್ಬಿಣ ಕೊಯ್ಯುವಾಗ ಗಾರ್ಡ್ ಇರಲಿ, ಕನ್ನಡಕ ಇರಲಿ. ಹಳೆಯ ವ್ಹೀಲ್ ಆದರೆ ನಡುವಿನ ಲೋಹದ ಉಂಗುರದ ಮೇಲೆ ಅಚ್ಚಾದ ತಿಂಗಳು, ವರ್ಷ ನೋಡಿ. ತೇವ ಕುಡಿದ ಅಂಟು ಹಿಡಿತ ಬಿಡುತ್ತದೆ, ಆದ್ದರಿಂದ ಅವಧಿ ಮುಗಿದದ್ದನ್ನು ಮುರಿದು ಎಸೆಯಿರಿ.