ಕೂಗದಿದ್ದವರಿಗೆ ದಂಡ: ‘ಹ್ಯೂ ಅಂಡ್ ಕ್ರೈ’ ನಡೆದು ಬಂದ ದಾರಿ

13ನೇ ಶತಮಾನದ ಇಂಗ್ಲೆಂಡಿನಲ್ಲಿ ಹೊಲದ ಬದುವಿನ ಮೇಲೆ ಹೆಣ ಕಂಡರೆ, ಕಂಡವರು ಮಾಡಬೇಕಾದ ಮೊದಲ ಕೆಲಸ ಗಂಟಲು ಹರಿಯುವಂತೆ ಕೂಗುವುದು. ನಮಗೇಕೆ ಈ ಉಸಾಬರಿ ಎಂದು ಸುಮ್ಮನೆ ಮನೆ ಸೇರಿದರೆ ದಂಡ ಬೀಳುತ್ತಿತ್ತು. ಕೂಗು ಕೇಳಿಯೂ ಹೊರಗೆ ಬಾರದ ನೆರೆಯವರಿಗೂ ದಂಡ. ಕಾರಣವಿಲ್ಲದೆ ಕೂಗಿ ಊರೆಬ್ಬಿಸಿದವರಿಗೂ ದಂಡ. ಅಂದಿನ ಜಹಗೀರು ನ್ಯಾಯಾಲಯಗಳ ಕಡತಗಳಲ್ಲಿ ಕೂಗುಗಳಿಗೆ ಎರಡು ವರ್ಗವೇ ಇವೆ: ನ್ಯಾಯವಾಗಿ ಎಬ್ಬಿಸಿದ್ದು, ಅನ್ಯಾಯವಾಗಿ ಎಬ್ಬಿಸಿದ್ದು. ಕೂಗಿದ್ದು ಸರಿ ಎಂದು ತೀರ್ಮಾನವಾದರೆ, ಕೂಗುವಂತೆ ಮಾಡಿದವನು ದಂಡ ತೆರಬೇಕು. ತಪ್ಪೆಂದಾದರೆ ಕೂಗಿದವನು.

ಈ ಕೂಗಿನ ಹೆಸರು ‘ಹ್ಯೂ ಅಂಡ್ ಕ್ರೈ’. ಇಂದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿರೋಧ ಪಕ್ಷದವರು ಬಜೆಟ್ ಬಗ್ಗೆ ಎಬ್ಬಿಸುವುದೂ ಇದನ್ನೇ. ಅಲ್ಲಿ ಇದರ ಅರ್ಥ ಗದ್ದಲ, ರಂಪ, ಬೊಬ್ಬೆ. ಸುಮಾರು ಐದು ನೂರು ವರ್ಷ ಇದು ಗದ್ದಲದ ಹೆಸರಾಗಿರಲಿಲ್ಲ, ಕಾನೂನಿನ ಒಂದು ಸಾಧನದ ಹೆಸರಾಗಿತ್ತು.

‘ಹ್ಯೂ’ ಎಂದರೆ ಬಣ್ಣ ಎಂದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಎರಡೂ ಬೇರೆ ಪದಗಳು. ಬಣ್ಣದ ‘ಹ್ಯೂ’ ಹಳೆಯ ಇಂಗ್ಲಿಷಿನದು. ಆಗ ಅದಕ್ಕೆ ರೂಪ, ತೋರಿಕೆ ಎಂಬ ಅರ್ಥವಿತ್ತು. ಕೂಗಿನ ‘ಹ್ಯೂ’ ಹಳೆಯ ಫ್ರೆಂಚಿನ ‘ಹು’ ಎಂಬುದರಿಂದ ಬಂದದ್ದು, ಬಹುಶಃ ಬರೀ ಧ್ವನಿಯ ಅನುಕರಣೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟಿನ ಮಾತು ಫ್ರೆಂಚ್ ಆಯಿತು, ‘ಹು ಎ ಕ್ರಿ’ ಎಂಬ ಜೋಡಿಪದ ಹಾಗೆ ಒಳಗೆ ಬಂತು.

ಜೋಡಿಯ ಇನ್ನೊಂದು ಪದ ‘ಕ್ರೈ’ ಲ್ಯಾಟಿನ್‌ನ ‘ಕ್ವಿರಿತಾರೆ’ಯಿಂದ ಬಂದದ್ದು. ರೋಮನ್ ಪಂಡಿತ ವಾರೋ ಇದಕ್ಕೆ ಚೆಂದದ ವಿವರಣೆ ಕೊಟ್ಟಿದ್ದಾನೆ: ರೋಮಿನ ಪ್ರಜೆಗಳಿಗೆ ‘ಕ್ವಿರಿತೆಸ್’ ಎಂದು ಹೆಸರು, ಅವರನ್ನು ನೆರವಿಗೆ ಕರೆಯುವುದೇ ‘ಕ್ವಿರಿತಾರೆ’. ಇಂದಿನ ಭಾಷಾಶಾಸ್ತ್ರಜ್ಞರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಹಂದಿ ಕಿರುಚುವುದಕ್ಕೆ ಇದ್ದ ಲ್ಯಾಟಿನ್ ಪದದ ಕಡೆಗೆ ಬೆರಳು ತೋರಿಸುತ್ತಾರೆ. ‘ಕ್ರೈ’ಗೆ ಕಣ್ಣೀರು ಸುರಿಸುವ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದು 16ನೇ ಶತಮಾನದಲ್ಲಿ.

ಇನ್ನು ಕನ್ನಡದ ಕಿವಿಗೆ ತಟ್ಟನೆ ಹೊಳೆಯುವ ‘ಹುಯಿಲು’. ಹುಯಿಲೆಬ್ಬಿಸುವುದು, ‘ಹ್ಯೂ’ ಎಬ್ಬಿಸುವುದು. ಧ್ವನಿಯೂ ಅರ್ಥವೂ ಇಷ್ಟು ಹತ್ತಿರ ಇದ್ದಾಗ ನಂಟು ಹುಡುಕುವ ಆಸೆಯಾಗುತ್ತದೆ. ನಂಟಿಲ್ಲ. ಹಾಲು ಒಮ್ಮೆ ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಹಾಗೆಯೇ ಹುಯಿಲಿನ ಹಳಗನ್ನಡ ರೂಪ ‘ಪುಯ್ಯಲ್’. ಮೊದಲಕ್ಷರವೇ ಬೇರೆ. ಆದರೆ ಪದಕ್ಕಿಲ್ಲದ ನಂಟು ಪದ್ಧತಿಯಲ್ಲಿದೆ. ನಮ್ಮ ವೀರಗಲ್ಲುಗಳ ಶಾಸನಗಳಲ್ಲಿ ತುರುಗೊಳ್ (ದನಗಳನ್ನು ಹಿಡಿದೊಯ್ಯುವುದು), ಊರಳಿವು ಎಂಬವುಗಳ ಜೊತೆಗೆ ‘ಪೆಣ್ಬುಯ್ಯಲ್’ ಎಂಬ ಮಾತು ಬರುತ್ತದೆ. ಪೆಣ್ಣಿನ ಪುಯ್ಯಲ್, ಅಂದರೆ ಹೆಂಗಸರ ಮೊರೆ. ಆ ಮೊರೆ ಕೇಳಿ ಓಡಿಹೋಗಿ ಹೋರಾಡಿ ಸತ್ತವರಿಗೆ ಇಲ್ಲಿ ಕಲ್ಲು ನೆಟ್ಟರು. ಇಂಗ್ಲೆಂಡಿನಲ್ಲಿ ಓಡದವರಿಗೆ ದಂಡ ಹಾಕಿದರು.

ಇಂಗ್ಲೆಂಡಿನ ಪದ್ಧತಿಯನ್ನು ಬರಹದಲ್ಲಿ ಬಿಗಿಯಾಗಿ ಕಟ್ಟಿದ್ದು ಒಂದನೇ ಎಡ್ವರ್ಡ್ ದೊರೆಯ 1285ರ ‘ವಿಂಚೆಸ್ಟರ್ ಶಾಸನ’ ಎಂಬ ಕಾಯಿದೆ. ಇದನ್ನು ಓದಿದರೆ ಕೂಗೊಂದಕ್ಕೆ ಎಷ್ಟೆಲ್ಲ ಸಿದ್ಧತೆ ಬೇಕು ಎಂಬುದು ತಿಳಿಯುತ್ತದೆ. 15ರಿಂದ 60 ವರ್ಷದೊಳಗಿನ ಪ್ರತಿ ಗಂಡಸೂ ತನ್ನ ಆಸ್ತಿಗೆ ತಕ್ಕ ಆಯುಧವನ್ನು ಮನೆಯಲ್ಲಿಟ್ಟಿರಬೇಕು: ವರ್ಷಕ್ಕೆ 15 ಪೌಂಡ್ ಹುಟ್ಟುವಳಿಯ ಭೂಮಿ ಇದ್ದವನು ಉಕ್ಕಿನ ಬಳೆಗಳ ಕವಚ, ಕಬ್ಬಿಣದ ಶಿರಸ್ತ್ರಾಣ, ಕತ್ತಿ, ಚೂರಿ, ಜೊತೆಗೆ ಕುದುರೆ, ಕೆಳಗಿನ ಮೆಟ್ಟಿಲಿನವನು ಬಿಲ್ಲು ಬಾಣ. ವರ್ಷಕ್ಕೆರಡು ಸಲ ತಪಾಸಣೆ. ಪೇಟೆಯಿಂದ ಪೇಟೆಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ 200 ಅಡಿಯವರೆಗೆ ಕಳ್ಳರು ಅಡಗುವಂಥ ಪೊದೆ, ಹಳ್ಳ ಇರಕೂಡದು; ದೊಡ್ಡ ಮರಗಳನ್ನು ಮಾತ್ರ ಬಿಡಬಹುದು. ಬೇಸಗೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಕಾವಲು, ನಗರದ ಪ್ರತಿ ಬಾಗಿಲಿಗೆ ಆರು ಜನ. ಅಪರಿಚಿತನೊಬ್ಬ ನಿಲ್ಲೆಂದರೂ ನಿಲ್ಲದೆ ಓಡಿದರೆ ಕಾವಲಿನವರು ಕೂಗೆಬ್ಬಿಸಿ, ಊರಿಂದ ಊರಿಗೆ ಬೆನ್ನಟ್ಟಬೇಕು.

ಇಷ್ಟಾಗಿಯೂ ದರೋಡೆಕೋರ ತಪ್ಪಿಸಿಕೊಂಡರೆ? ಆ ಊರು ಸೇರಿದ ‘ಹಂಡ್ರೆಡ್’, ಅಂದರೆ ಹೋಬಳಿಯಂಥ ಒಂದು ಘಟಕ, 40 ದಿನಗಳೊಳಗೆ ಅವನನ್ನು ಹಿಡಿದು ಕೊಡಬೇಕು, ಇಲ್ಲವೇ ದೋಚಿಸಿಕೊಂಡವನ ನಷ್ಟವನ್ನು ಜನರೆಲ್ಲ ಸೇರಿ ತುಂಬಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಕೀಲಿ ಇರುವುದು ಇಲ್ಲೇ. ಸಂಬಳದ ಪೊಲೀಸರಿಲ್ಲದ ಕಾಲದಲ್ಲಿ ಪಕ್ಕದ ಮನೆಯ ಕಳವು ನನ್ನ ಜೇಬಿಗೂ ತಟ್ಟಿದರೆ ಮಾತ್ರ ನಡುರಾತ್ರಿಯಲ್ಲಿ ನಾನು ಹಾಸಿಗೆ ಬಿಟ್ಟೇಳುತ್ತೇನೆ.

ಸಾಕ್ಷ್ಯವೂ ಕೂಗಿನಲ್ಲೇ ಹುಟ್ಟುತ್ತಿತ್ತು. ಕೂಗೆದ್ದ ಬಿಸಿಯಲ್ಲೇ ಬೆನ್ನಟ್ಟಿ, ಕದ್ದ ಮಾಲು ಕೈಯಲ್ಲಿ ಅಥವಾ ಬೆನ್ನ ಮೇಲೆ ಇರುವಾಗಲೇ ಹಿಡಿದರೆ, ಕಳ್ಳನಿಗೆ ತನ್ನ ಪರ ಮಾತಾಡುವ ಅವಕಾಶವೂ ಇರಲಿಲ್ಲ. ಸ್ಥಳೀಯ ನ್ಯಾಯಾಲಯವೇ ಕೂಡಲೇ ಶಿಕ್ಷೆ ವಿಧಿಸಬಹುದಿತ್ತು. ಇದರ ಬೇರು ಇನ್ನೂ ಹಳೆಯದು. 7ನೇ ಶತಮಾನದ ಕೊನೆಯಲ್ಲಿ ವೆಸೆಕ್ಸ್‌ನ ದೊರೆ ಈನೆ ಮಾಡಿದ ಕಾನೂನು ಹೀಗಿದೆ: ದಾರಿ ಬಿಟ್ಟು ಕಾಡಿನೊಳಗೆ ನಡೆಯುವ ಪರಸ್ಥಳದವನು ಕೂಗದೆ, ಕೊಂಬೂದದೆ ಬಂದರೆ ಅವನನ್ನು ಕಳ್ಳನೆಂದೇ ತಿಳಿಯಬೇಕು. ಸದ್ದು ಮಾಡುವವನು ಸಾಚಾ, ಸದ್ದಿಲ್ಲದವನು ಕಳ್ಳ.

ಕೊಂಬಿನ ಮಾತು ಸುಮ್ಮನೆ ಬಂದದ್ದಲ್ಲ. ‘ಕೊಂಬಿನಿಂದಲೂ ಕಂಠದಿಂದಲೂ’ ಎಬ್ಬಿಸುವ ಕೂಗು ಎಂದೇ ಹಳೆಯ ಕಾನೂನು ಗ್ರಂಥಗಳು ಹೇಳುತ್ತವೆ. ಕಂಠವೊಂದೇ ಏಕೆ ಸಾಲದು ಎಂಬುದಕ್ಕೆ ಲೆಕ್ಕವಿದೆ. ಗಂಟಲು ಗಟ್ಟಿಯಿರುವವನ ಕೂಗು ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 64 ಮೀಟರ್‌ಗೆ 54, 256 ಮೀಟರ್‌ಗೆ 42, ಒಂದು ಕಿಲೋಮೀಟರ್ ಆಗುವಾಗ 30, ಅಂದರೆ ಹಳ್ಳಿಯ ನಿಶ್ಶಬ್ದ ರಾತ್ರಿಯಲ್ಲಿ ಸುಮ್ಮನೆ ಇರುವ ಸದ್ದಿನಷ್ಟೇ. ಇದು ಗಾಳಿ, ಗಿಡಮರ ಯಾವುದೂ ಅಡ್ಡ ಬಾರದಿದ್ದಾಗಿನ ಲೆಕ್ಕ.

ಹಗಲಿನಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಕಾದ ನೆಲದ ಮೇಲಿನ ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ, ಮೇಲಿನ ತಂಪು ಗಾಳಿಯಲ್ಲಿ ನಿಧಾನ. ಹಾಗಾಗಿ ಶಬ್ದದ ಅಲೆ ಮೇಲಕ್ಕೆ ಬಾಗಿ ದೂರದ ಕಿವಿಗಳನ್ನು ದಾಟಿಹೋಗುತ್ತದೆ. ತಿಳಿಯಾದ ರಾತ್ರಿ ನೆಲ ತಣಿದು ಈ ಕ್ರಮ ತಿರುಗಿದಾಗ ಅಲೆ ಕೆಳಕ್ಕೆ ಬಾಗುತ್ತದೆ. ಆಚೆ ಊರಿನ ಯಕ್ಷಗಾನದ ಚಂಡೆ ರಾತ್ರಿ ಅಂಗಳದಲ್ಲೇ ಬಡಿದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಗಾಳಿಗೆ ಎದುರಾಗಿ ಕೂಗಿದರೂ ಅಲೆ ಮೇಲಕ್ಕೇ ಬಾಗುತ್ತದೆ, ಗಂಟಲು ಹರಿದರೂ ಪ್ರಯೋಜನವಿಲ್ಲ.

ಕೂಗು ತಲುಪಿದರೂ ಮಾತು ತಲುಪುವುದಿಲ್ಲ, ಇದು ಎರಡನೆಯ ತೊಡಕು. ಸ, ಶ, ಫ, ತ ಮೊದಲಾದ ವ್ಯಂಜನಗಳಲ್ಲಿ ಶಕ್ತಿ ಕಡಿಮೆ, ಆವರ್ತನ ಹೆಚ್ಚು. ಹೆಚ್ಚಿನ ಆವರ್ತನವನ್ನು ಗಾಳಿ ಬೇಗ ಹೀರುತ್ತದೆ. ದೂರಕ್ಕೆ ಉಳಿಯುವುದು ಎಳೆದ ಸ್ವರ ಮಾತ್ರ. ‘ಹು’, ನಾರ್ಮನ್ನರ ಮೊರೆಯ ಕೂಗು ‘ಹರೋ’, ನಮ್ಮ ‘ಓ’, ‘ಕೂ’ ಎಲ್ಲವೂ ಒಂದೇ ಅಚ್ಚಿನವಾಗಿರುವುದು ಬರೀ ಕಾಕತಾಳೀಯ ಅಲ್ಲ ಎನಿಸುತ್ತದೆ. ಅಪಾಯದ ಕಿರುಚಾಟಕ್ಕೆ ಇನ್ನೊಂದು ಗುಣವೂ ಇದೆ. ಸಾಮಾನ್ಯ ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚುವಾಗ ಅದು 30ರಿಂದ 150 ಸಲ ನಡುಗುತ್ತದೆ. ಈ ಒರಟುತನವೇ ಮಿದುಳಿನ ಭಯದ ಕೇಂದ್ರವನ್ನು ಬಡಿದೆಬ್ಬಿಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಾರಿನ ಅಲಾರಂನಲ್ಲಿರುವುದೂ ಅದೇ ಒರಟು.

ಸ್ವರ ಮಾತ್ರ ತಲುಪುತ್ತದೆ ಎಂಬ ತೊಡಕನ್ನು ಸೊಗಸಾಗಿ ಬಿಡಿಸಿಕೊಂಡವರು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನ ಮೀನುಗಾರರು. ಅಲ್ಲಿ ‘ಹ್ಯೂಅರ್’ ಎಂಬ ಕಸುಬೇ ಇತ್ತು, ಅಂದರೆ ಕೂಗುವವನು. ಕಡಲ ಬಂಡೆಯ ಮೇಲೆ ನಿಂತು, ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಪಿಲ್ಚರ್ಡ್ ಮೀನಿನ ಹಿಂಡು ನೀರನ್ನು ಕಪ್ಪಾಗಿಸುವುದನ್ನು ಕಂಡೊಡನೆ ‘ಹೆವಾ, ಹೆವಾ’ ಎಂದು ಕೂಗುತ್ತಿದ್ದ. ಹಿಂಡು ಬಂತು ಎಂಬ ಸುದ್ದಿಯಷ್ಟೇ ದನಿಯ ಪಾಲು. ದೋಣಿ ಎಡಕ್ಕೋ ಬಲಕ್ಕೋ, ಬಲೆ ಎಲ್ಲಿ ಇಳಿಸಬೇಕು ಎಂಬುದನ್ನು ಅವನು ಎರಡೂ ಕೈಯಲ್ಲಿ ಪೊದೆಯ ಗೆಲ್ಲು ಹಿಡಿದು ಸನ್ನೆಯಲ್ಲಿ ತೋರಿಸುತ್ತಿದ್ದ. ನ್ಯೂಕೀ ಊರಿನ ಬಂಡೆಯ ಮೇಲೆ ಅವನ ಸುಣ್ಣ ಬಳಿದ ಗುಡಿಸಲು ಈಗಲೂ ಇದೆ.

ಕಳ್ಳನ ವಿಷಯದಲ್ಲಿ ಅಂಥ ಸನ್ನೆ ಸಾಧ್ಯವಿರಲಿಲ್ಲ. ಹತ್ತು ಊರು ದಾಟುವಷ್ಟರಲ್ಲಿ ಕೂಗು ಉಳಿದು ಯಾರು, ಏನು, ಎತ್ತ ಎಂಬುದು ಸೋರಿಹೋಗುತ್ತಿತ್ತು. ಕುದುರೆಯ ಮೇಲಿದ್ದವನನ್ನು ಕಾಲ್ನಡಿಗೆಯ ಗುಂಪು ಹಿಡಿಯುವುದೂ ಆಗದ ಮಾತು. ಅದಕ್ಕೆಂದೇ 1585ರ ಕಾಯಿದೆ, ಕುದುರೆಯವರೂ ಕಾಲಾಳುಗಳೂ ಇಬ್ಬರೂ ಹೊರಡದ ಬೆನ್ನಟ್ಟುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತು. ಬೆನ್ನಟ್ಟದೆ ಕೈಚೆಲ್ಲಿದ ಹಂಡ್ರೆಡ್ ನಷ್ಟದ ಅರ್ಧ ತೆರಬೇಕೆಂದೂ ಸೇರಿಸಿತು. 18ನೇ ಶತಮಾನದಲ್ಲಿ ಕೂಗೆಬ್ಬಿಸದೆ ಸುಮ್ಮನಿದ್ದ ಕಾನ್‌ಸ್ಟೆಬಲ್‌ಗೆ 5 ಪೌಂಡ್ ದಂಡವಿತ್ತು.

ಅಷ್ಟರಲ್ಲಿ ಕೂಗು ಕಾಗದಕ್ಕೆ ಇಳಿದಿತ್ತು. ಲಂಡನ್ನಿನ ಬೋ ಸ್ಟ್ರೀಟ್‌ನ ಮ್ಯಾಜಿಸ್ಟ್ರೇಟ್ ಜಾನ್ ಫೀಲ್ಡಿಂಗ್ ಕುರುಡ. 1772ರಿಂದ ಅವನು ಪರಾರಿಯಾದವರ ಚಹರೆಯನ್ನೂ ಕಳುವಾದ ಮಾಲಿನ ವಿವರವನ್ನೂ ಅಚ್ಚು ಹಾಕಿಸಿ ಊರೂರಿಗೆ ಕಳಿಸತೊಡಗಿದ. ಮುಂದೆ ಆ ಪತ್ರಿಕೆ ‘ಹ್ಯೂ ಅಂಡ್ ಕ್ರೈ’ ಎಂಬ ಹೆಸರನ್ನೇ ಹೊತ್ತು, ಆಮೇಲೆ ‘ಪೊಲೀಸ್ ಗೆಜೆಟ್’ ಆಯಿತು. ವಿಂಚೆಸ್ಟರ್ ಶಾಸನ 1827ರಲ್ಲಿ ರದ್ದಾಯಿತು, ಎರಡು ವರ್ಷಕ್ಕೆ ಲಂಡನ್ನಿನಲ್ಲಿ ಸಂಬಳದ ಪೊಲೀಸರು ಬಂದರು. ಕೂಗಿದರೆ ಓಡಿಬರಬೇಕಾದ ಹೊಣೆ ಯಾರ ಮೇಲೂ ಉಳಿಯದಾದಾಗ ಪದಕ್ಕೆ ಉಳಿದದ್ದು ಬರೀ ಗದ್ದಲ.

ನಿಯಮ ಹೋದರೂ ಅದರ ನೆರಳು ಹೋಗಲಿಲ್ಲ. ಅತ್ಯಾಚಾರಕ್ಕೀಡಾದ ಹೆಣ್ಣು ಕೂಡಲೇ ಹತ್ತಿರದ ಊರಿಗೆ ಹೋಗಿ, ಹರಿದ ಬಟ್ಟೆ, ರಕ್ತ ತೋರಿಸಿ ಮೊರೆಯಿಡಬೇಕು ಎಂದು ಮಧ್ಯಯುಗದ ಇಂಗ್ಲಿಷ್ ಕಾನೂನು ಬಯಸುತ್ತಿತ್ತು. ತಡವಾದರೆ ಅನುಮಾನ ಅವಳ ಮೇಲೆಯೇ. ‘ಕೂಡಲೇ ದೂರಿದಳೇ’ ಎಂಬ ಆ ಪ್ರಶ್ನೆ ಬ್ರಿಟಿಷರ ಜೊತೆ ಇಲ್ಲಿಗೂ ಬಂತು. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ 8ನೇ ಕಲಮಿನ ದೃಷ್ಟಾಂತವೊಂದು, ಕೃತ್ಯ ನಡೆದ ಸ್ವಲ್ಪ ಹೊತ್ತಿಗೆ ಮಾಡಿದ ದೂರನ್ನು ಪ್ರಕರಣಕ್ಕೆ ಸಂಬಂಧಪಟ್ಟ ಸಂಗತಿ ಎನ್ನುತ್ತಿತ್ತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದರ ಜಾಗ 6ನೇ ಕಲಂ. ಕೂಗಿದ್ದು ಸಾಕ್ಷ್ಯವಾಗುವುದು ಸರಿಯೇ. ಕೂಗದೇ ಇದ್ದದ್ದು ಸುಳ್ಳಿಗೆ ಸಾಕ್ಷ್ಯವಾಗಿಬಿಡುವುದು ಕ್ರೂರ. ಇಂಥ ಪ್ರಕರಣಗಳಲ್ಲಿ ಹೆಣ್ಣೂ ಮನೆಯವರೂ ಮರ್ಯಾದೆಗೆ ಅಂಜಿ ತಡಮಾಡುವುದುಂಟು, ತಡವೊಂದನ್ನೇ ಹಿಡಿದು ದೂರನ್ನು ತಳ್ಳಬಾರದು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ 1996ರ ಒಂದು ತೀರ್ಪಿನಲ್ಲಿ ಹೇಳಿತು.

ನಮ್ಮ ಕೋರ್ಟುಗಳ ಇಂಗ್ಲಿಷ್ ತೀರ್ಪುಗಳಲ್ಲಿ ‘ಹ್ಯೂ ಅಂಡ್ ಕ್ರೈ’ ಇನ್ನೂ ಹಳೆಯ ಅರ್ಥದಲ್ಲೇ ಬದುಕಿದೆ. ಕನ್ನಡದ ದೂರಿನಲ್ಲಿ ‘ನಾನು ಬೊಬ್ಬೆ ಹಾಕಿದಾಗ ಅಕ್ಕಪಕ್ಕದವರು ಓಡಿ ಬಂದರು’ ಎಂದಿರುವುದು ಅಲ್ಲಿ ಹಾಗೆ ಆಗುತ್ತದೆ. ದೆಹಲಿ ಪೊಲೀಸರು ಕಾಣೆಯಾದವರ ಬಗ್ಗೆ, ಗುರುತು ಸಿಗದ ಶವಗಳ ಬಗ್ಗೆ ಹೊರಡಿಸುವ ಪ್ರಕಟಣೆಗೂ ‘ಹ್ಯೂ ಅಂಡ್ ಕ್ರೈ ನೋಟಿಸ್’ ಎಂದೇ ಹೆಸರು. ಅದರಲ್ಲಿ ಫೋಟೋ, ವಯಸ್ಸು, ಎತ್ತರ, ತೊಟ್ಟ ಬಟ್ಟೆಯ ವಿವರಗಳ ಜೊತೆಗೆ ಮೈಬಣ್ಣಕ್ಕೂ ಒಂದು ಸಾಲು ಇರುತ್ತದೆ. ಇಂಗ್ಲಿಷಿನಲ್ಲಿ ನಂಟೇ ಇಲ್ಲದ ಆ ಎರಡು ‘ಹ್ಯೂ’ಗಳು ಹೀಗೆ ಒಂದೇ ಹಾಳೆಯ ಮೇಲೆ ಕೂತಿವೆ.